ಮುಳ್ಳು ಎದ್ದರೆ ಸಾಲದು



ಮಳೆಗಾಳಿ ಬೀಸಿದ ಮರುದಿನ ನಮ್ಮ ಓಣಿಗಳಲ್ಲಿ ಒಂದೇ ಕೂಗು. ಮಾಳಿಗೆಯ ಮೇಲಿಂದ ಅಪ್ಪ, "ಬಂತೇನೋ?" ಒಳಗಿನಿಂದ ಮಗ, "ಬಂದಿತ್ತಪ್ಪಾ, ಮತ್ತ ಹೋತು!"

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡ ಮನೆಗಳಲ್ಲಿ ಇದು ಬರೀ ಟಿ.ವಿ.ಯ ಮಾತಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಸರಿಯಿತು. ಮಕ್ಕಳ ಶಾಲೆ ತೆಲುಗಿನದಾಯಿತು. ಅಜ್ಜಿಗೆ ಮಾತ್ರ ಚಂದನದ ಕನ್ನಡ ವಾರ್ತೆ ಬೇಕೇ ಬೇಕು.

"ಡಿಶ್ ಕೂರಿಸಲು ಯಾವ ಮೀಟರ್ ಕೊಳ್ಳಲಿ, ಫಾದರ್?" ಎಂದು ಮನೆ ಭೇಟಿಯಲ್ಲಿ ಕೇಳಿದವರಿದ್ದಾರೆ. ದೂರದರ್ಶನದ ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಪೂರ್ವ ರೇಖಾಂಶ 93.5 ಡಿಗ್ರಿಯಿಂದ. ನಮ್ಮ ಈ ಮೂರೂ ಊರುಗಳಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಸುಮಾರು 62 ಡಿಗ್ರಿ ಎತ್ತರದಲ್ಲಿದೆ.

ಮೀಟರಿನಲ್ಲಿ ಎರಡು ಬಗೆ. ಮುಳ್ಳಿನ ಮೀಟರ್ ಅಗ್ಗದ್ದು. ಎಲ್.ಎನ್.ಬಿ.ಗೂ ಸೆಟ್ ಟಾಪ್ ಬಾಕ್ಸಿಗೂ ನಡುವೆ ಸಿಕ್ಕಿಸಿದರೆ ಸಾಕು. ಸಿಗ್ನಲ್ ಹೆಚ್ಚಿದಂತೆ ಮುಳ್ಳು ಏಳುತ್ತದೆ, ಪೀಪಿ ಕೂಗುತ್ತದೆ. ಆದರೆ ಅದಕ್ಕೆ ಗೊತ್ತಾಗುವುದು ಎಷ್ಟು ಜೋರು ಎಂಬುದು ಮಾತ್ರ, ಯಾರದು ಎಂಬುದಲ್ಲ. ಪಕ್ಕದ ಉಪಗ್ರಹ ಸಿಕ್ಕರೂ ಅಷ್ಟೇ ಖುಷಿಯಿಂದ ಕೂಗುತ್ತದೆ! ಡಿಜಿಟಲ್ ಮೀಟರಿಗೆ ಬೆಲೆ ಹೆಚ್ಚು. ಅದರಲ್ಲಿ ಬೇಕಾದ ಫ್ರೀಕ್ವೆನ್ಸಿ ಹಾಕಿದರೆ, ಆ ಸಿಗ್ನಲ್ ಸಿಕ್ಕಾಗ ಮಾತ್ರ ಕ್ವಾಲಿಟಿ ತೋರಿಸುತ್ತದೆ.

ಒಂದು ಮನೆಗೆ ಮುಳ್ಳಿನ ಮೀಟರೇ ಸಾಕು. ಕೊನೆಗೆ ಟಿ.ವಿ.ಯ ಸಿಗ್ನಲ್ ಪುಟ ನೋಡಿ. ಅಲ್ಲಿ ಎರಡು ಪಟ್ಟಿಗಳಿರುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ನಂಬಬೇಕಾದದ್ದು ಎರಡನೆಯದನ್ನು. ಅದು ಅತಿ ಹೆಚ್ಚು ತೋರಿಸುವ ಕಡೆ ನಿಲ್ಲಿಸಿ ಬೋಲ್ಟ್ ಬಿಗಿ ಮಾಡಿ. ಮನೆಮನೆಗೆ ಹೋಗಿ ಡಿಶ್ ಸರಿಮಾಡಿಕೊಡುವ ಯುವಜನರಿದ್ದರೆ, ಇಡೀ ಧರ್ಮಕೇಂದ್ರಕ್ಕೆ ಒಂದು ಡಿಜಿಟಲ್ ಮೀಟರ್ ಕೊಂಡು ಹಂಚಿಕೊಳ್ಳುವುದು ಜಾಣತನ.

ಈ ಎರಡು ಪಟ್ಟಿಗಳನ್ನು ನೋಡುವಾಗಲೆಲ್ಲಾ ನನಗೆ ಪ್ರವಾದಿ ಎಲೀಯನ ನೆನಪು. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ ಬಂತು, ಭೂಕಂಪವಾಯಿತು, ಬೆಂಕಿ ಎದ್ದಿತು. ಸರ್ವೇಶ್ವರ ಅವು ಯಾವುದರಲ್ಲೂ ಇರಲಿಲ್ಲ. ಆಮೇಲೆ ಬಂದ ಮೆಲುದನಿಗೆ ಎಲೀಯನು ಮುಖ ಮುಚ್ಚಿಕೊಂಡು ಗುಹೆಯ ಬಾಗಿಲಿಗೆ ಬಂದ.

ನಮ್ಮ ಮನೆಗಳಲ್ಲೂ ಜೋರು ದನಿಗಳಿಗೆ ಕೊರತೆಯಿಲ್ಲ. ಮೊಬೈಲಿನಲ್ಲಿ ಹತ್ತು ಜನ ಕಳಿಸಿದ ಸುದ್ದಿ ನಿಜವೆಂದುಕೊಳ್ಳುತ್ತೇವೆ, ಗಟ್ಟಿಯಾಗಿ ಮಾತಾಡಿದವರ ಮಾತೇ ನಡೆಯುತ್ತದೆ. ಮೂಲೆಯಲ್ಲಿ ಕುಳಿತು ಕನ್ನಡದಲ್ಲಿ ಜಪಸರ ಹೇಳುವ ಅಜ್ಜಿಯ ದನಿ ಯಾರ ಮೀಟರಿಗೂ ಸಿಗುವುದಿಲ್ಲ. ಆಕೆಯೊಂದಿಗೇ ಆ ಪ್ರಾರ್ಥನೆ ಮುಗಿದುಹೋದರೆ, ಮತ್ತೆ ಯಾವ ಡಿಶ್ ತಿರುಗಿಸಿದರೂ ಅದು ಬಾರದು.

ಡಿಶ್ ಸರಿಹೋಯಿತೇ? ಸಂತೋಷ. ಇಂದು ರಾತ್ರಿ ವಾರ್ತೆ ಮುಗಿದ ಮೇಲೆ ಟಿ.ವಿ. ಆರಿಸಿ, ಮಕ್ಕಳನ್ನು ಅಜ್ಜಿಯ ಪಕ್ಕ ಕೂರಿಸಿ. ಒಂದು ರಹಸ್ಯವನ್ನಾದರೂ ಆಕೆಯ ಬಾಯಿಂದಲೇ ಕಲಿಯಲಿ.

ಪ್ರಭುವಿನ ಆಶೀರ್ವಾದ ನಿಮ್ಮ ಮನೆಯ ಮೇಲಿರಲಿ.