ಹಿಸುಕಿದರೆ ಹಾದಿ ಬಿಡುವ ಎಲೆಕ್ಟ್ರಾನ್

ದರ್ಬೆಯ ಸೈಂಟ್ ಫಿಲೋಮಿನಾ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಯಾರನ್ನು ಕೇಳಿದರೂ ಎಲೆಕ್ಟ್ರಾನಿನ ದ್ರವ್ಯರಾಶಿ ಎಷ್ಟೆಂದು ಥಟ್ಟನೆ ಹೇಳಿಯಾರು. ಎಲ್ಲ ಎಲೆಕ್ಟ್ರಾನುಗಳಿಗೂ ಒಂದೇ ಸಂಖ್ಯೆ. ತಪ್ಪಿ ಬರೆದರೆ ಅಂಕ ಹೋಯಿತು. ಆದರೆ ಕೆಲವು ಲೋಹಗಳೊಳಗೆ ಎಲೆಕ್ಟ್ರಾನುಗಳು ಅದರ ನೂರಾರು ಪಟ್ಟು ಭಾರವಿದ್ದಂತೆ ವರ್ತಿಸುತ್ತವೆ. ಹಾಗಾದರೆ ಪಠ್ಯಪುಸ್ತಕ ಸುಳ್ಳೇ?

ಸುಳ್ಳಲ್ಲ. ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆಯ ಗದ್ದೆಯನ್ನು ನೆನೆಯಿರಿ. ಊರಿಗೆ ಹೊಸಬನಾದವನು ಜನರ ನಡುವೆ ನುಸುಳಿ ಆಚೆ ಬದಿ ಸೇರುತ್ತಾನೆ. ಎಲ್ಲರಿಗೂ ಪಾಠ ಹೇಳಿದ ಹಳೆಯ ಮಾಷ್ಟ್ರು ಹೊರಟರೋ, ಹೆಜ್ಜೆಗೊಬ್ಬರು ನಿಲ್ಲಿಸಿ ಮಾತಾಡಿಸುತ್ತಾರೆ. ಮಾಷ್ಟ್ರ ತೂಕ ಹೆಚ್ಚಿಲ್ಲ, ನಡಿಗೆ ಮಾತ್ರ ಭಾರ.

ಸೀರಿಯಂ ಪರಮಾಣುವಿನ ಒಳಸುತ್ತಿನಲ್ಲಿ ಒಂಟಿ ಎಲೆಕ್ಟ್ರಾನೊಂದಿದೆ. ಅದು ಪರಮಾಣುವಿಗೆ ಅಂಟಿಕೊಂಡು ಪುಟ್ಟ ಕಾಂತದಂತಿರುತ್ತದೆ. ವಿದ್ಯುತ್ತನ್ನು ಒಯ್ಯುವ ಸಂಚಾರಿ ಎಲೆಕ್ಟ್ರಾನುಗಳು ಕಡು ಶೈತ್ಯದಲ್ಲಿ ಈ ಕಾಂತಗಳ ಮಾತುಕತೆಗೆ ಸಿಕ್ಕಿ ನಿಧಾನವಾಗುತ್ತವೆ. ಇಂಥ ಲೋಹಗಳಿಗೆ 'ಭಾರ ಫರ್ಮಿಯಾನ್' ಲೋಹಗಳೆಂದು ಹೆಸರು. 1979ರಲ್ಲಿ ಜರ್ಮನಿಯ ಫ್ರಾಂಕ್ ಸ್ಟೆಗ್ಲಿಶ್ ಮತ್ತು ಸಂಗಡಿಗರು ಸೀರಿಯಂ, ತಾಮ್ರ, ಸಿಲಿಕಾನ್ ಸೇರಿದ ಇಂಥದೊಂದು ಸಂಯುಕ್ತದಲ್ಲಿ ಅತಿವಾಹಕತೆಯನ್ನು, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ಗುಣವನ್ನು ಕಂಡರು. ಹಲವರು ನಂಬಲಿಲ್ಲ. ಕಾಂತಗುಣ ಅತಿವಾಹಕತೆಯ ವೈರಿ ಎಂಬುದೇ ಅಲ್ಲಿಯವರೆಗಿನ ಪಾಠವಾಗಿತ್ತು.

ಪರಮಾಣುಗಳನ್ನು ಒತ್ತಿ ಹತ್ತಿರ ತಂದರೆ ಏನಾಗುತ್ತದೆ? ಅಂಟಿಕೊಂಡ ಎಲೆಕ್ಟ್ರಾನ್ ಕದಲುತ್ತದೆ. ಇದಕ್ಕೆ ಕಣ್ಣಿಗೇ ಕಾಣುವ ಸಾಕ್ಷಿ ಒದಗಿಸಿದವರಲ್ಲಿ ಎ. ಜಯರಾಮನ್ ಒಬ್ಬರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರೊಡನೆ ದುಡಿದು, ಅನಂತರ ಅಮೆರಿಕದ ಬೆಲ್ ಪ್ರಯೋಗಶಾಲೆ ಸೇರಿದವರು. 1970ರಲ್ಲಿ ಅವರೂ ಸಂಗಡಿಗರೂ ಸಮೇರಿಯಂ ಸಲ್ಫೈಡ್ ಎಂಬ ಕಪ್ಪು ಅರೆವಾಹಕವನ್ನು ವಾಯುಭಾರದ ಸುಮಾರು 6,500 ಪಟ್ಟು ಒತ್ತಿದಾಗ ಅದು ಒಮ್ಮೆಲೇ ಲೋಹವಾಯಿತು. ಬಣ್ಣವೂ ಚಿನ್ನದಂತಾಯಿತು! ಸಮುದ್ರದ ಅತ್ಯಂತ ಆಳದಲ್ಲಿ ಕೂಡ ಒತ್ತಡ ಸುಮಾರು 1,100 ಪಟ್ಟು ಮಾತ್ರ.

ಪರಮಾಣುಗಳ ಅಂತರವನ್ನು ಬೇರೆ ಧಾತು ಬೆರೆಸಿಯೂ ಬದಲಿಸಬಹುದು. ಆದರೆ ಬೆರಕೆಯಿಂದ ಹರಳು ಕೆಡುತ್ತದೆ. ಒತ್ತಡಕ್ಕೆ ಆ ದೋಷವಿಲ್ಲ. ರೇಡಿಯೋದ ತಿರುಪಿನಂತೆ ಬೇಕಾದಷ್ಟೇ ತಿರುಗಿಸಬಹುದು.

1998ರಲ್ಲಿ ಕೇಂಬ್ರಿಜ್‌ನ ಗಿಲ್ ಲೊಂಜಾರಿಕ್ ಅವರ ತಂಡ ಮಾಡಿದ್ದು ಅದನ್ನೇ. ಅವರು ಆರಿಸಿದ ಲೋಹಗಳಲ್ಲೊಂದು ಸೀರಿಯಂ ಮತ್ತು ಇಂಡಿಯಂಗಳ ಸಂಯುಕ್ತ. ಸಾಮಾನ್ಯ ಒತ್ತಡದಲ್ಲಿ, ಸುಮಾರು 10 ಕೆಲ್ವಿನ್‌ಗಿಂತ ಕೆಳಗೆ, ಅದರ ಪುಟ್ಟ ಕಾಂತಗಳು ಶಾಲಾ ಮಕ್ಕಳಂತೆ ಸಾಲುಗಟ್ಟಿ ನಿಲ್ಲುತ್ತವೆ. ಒತ್ತಡ ಏರಿದಂತೆ ಈ ಶಿಸ್ತು ಸಡಿಲವಾಯಿತು. ವಾಯುಭಾರದ 25,000 ಪಟ್ಟಿನ ಸುಮಾರಿಗೆ ಶಿಸ್ತು ಇನ್ನೇನು ಮುರಿಯಿತು ಎನ್ನುವಾಗ, 0.2 ಕೆಲ್ವಿನ್ ಆಸುಪಾಸಿನಲ್ಲಿ, ಅತಿವಾಹಕತೆ ತಲೆಯೆತ್ತಿತು. ಇನ್ನೂ ಒತ್ತಿದರೆ ಅದೂ ಮಾಯ. ಹರಳು ಶುದ್ಧವಾಗಿರದಿದ್ದರೆ ಕಾಣುವುದೇ ಇಲ್ಲ.

ಮಾಮೂಲಿ ಅತಿವಾಹಕಗಳಲ್ಲಿ ಎಲೆಕ್ಟ್ರಾನುಗಳನ್ನು ಜೋಡಿಯಾಗಿಸುವುದು ಹರಳಿನ ಕಂಪನ. ಇಲ್ಲಿ ಆ ಜೋಡಣೆ ಸಾಯುತ್ತಿರುವ ಕಾಂತಗುಣದ ಚಡಪಡಿಕೆಯಿಂದಲೇ ಆಗುತ್ತಿರಬೇಕೆಂದು ಆ ತಂಡ ವಾದಿಸಿತು. ವೈರಿಯೇ ಮದುವೆ ದಲ್ಲಾಳಿಯಾದಂತೆ! ಇದರಿಂದ ನಾಳೆಯೇ ಮನೆಯ ಕರೆಂಟು ಬಿಲ್ಲು ಇಳಿಯಲಿಕ್ಕಿಲ್ಲ. 0.2 ಕೆಲ್ವಿನ್ ತಲುಪುವುದೇ ದೊಡ್ಡ ಸಾಹಸ. ಆದರೆ 2000ರಲ್ಲಿ ಅದೇ ಸಂಯುಕ್ತಕ್ಕೆ ರೋಡಿಯಂ ಸೇರಿದ ಸೋದರ ಲೋಹವೊಂದು ವಾಯುಭಾರದ ಸುಮಾರು 16,000 ಪಟ್ಟು ಒತ್ತಡದಲ್ಲಿ 2.1 ಕೆಲ್ವಿನ್‌ನಲ್ಲೇ ಅತಿವಾಹಕವಾಯಿತು. ಎರಡೇ ವರ್ಷಗಳಲ್ಲಿ ಹತ್ತು ಪಟ್ಟು ಏರಿಕೆ.