ಎರಡು ಹಡಗು, ಕೇಳದ ಒಂದು ಪ್ರಶ್ನೆ

ರಜೆಗೆ ಹೊರಡುವ ಜಯನಗರದ ದಂಪತಿಗಳಿಗೆ 2023ರ ನವೆಂಬರಿನಿಂದ ಕೆಲಕಾಲ ಮುಂಬಯಿಯಲ್ಲಿ ಎರಡು ವಿಹಾರನೌಕೆಗಳ ಆಯ್ಕೆಯಿತ್ತು: 1990ರ ‘ಎಂಪ್ರೆಸ್’ ಮತ್ತು 2007ರ ‘ಕೋಸ್ಟಾ ಸೆರೆನಾ’. ಒಂದರಲ್ಲಿ ಸುಮಾರು 1,800, ಇನ್ನೊಂದರಲ್ಲಿ 3,780 ಪ್ರಯಾಣಿಕರಿಗೆ ಸ್ಥಳ. ಕೋಣೆ, ಊಟ, ದರಗಳ ತುಲನೆ ನಡೆಯುತ್ತದೆ. ಇಷ್ಟು ಜನರ ಮಲಿನಜಲ ಎಲ್ಲಿ ಸೇರುತ್ತದೆಂದು ವಿಚಾರಿಸುವವರು ವಿರಳ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ದಾಟಿದ ಬಳಿಕ, ಚಲಿಸುತ್ತಿರುವ ಹಡಗು ಅದನ್ನು ಸಂಸ್ಕರಿಸದೆಯೂ ಕಡಲಿಗೆ ಬಿಡಲು ಅಂತಾರಾಷ್ಟ್ರೀಯ ಮಾರ್ಪೋಲ್ ನಿಯಮದಲ್ಲಿ ಅವಕಾಶವಿದೆ. ನಗರದ ಕೊಳಚೆ ಹೊತ್ತು ಹರಿಯುವ ವೃಷಭಾವತಿಯನ್ನು ಕಂಡವರಿಗೆ ಇದರ ಅರ್ಥ ವಿವರಿಸಬೇಕಿಲ್ಲ.

ಮಲಿನಜಲವನ್ನು ಸಂಸ್ಕರಿಸದೆ ಬಿಡುವುದಿಲ್ಲವೆಂದು ಲಿಖಿತವಾಗಿ ಒಪ್ಪುವ ಹಡಗೇ ಆಯ್ಕೆಗೆ ಯೋಗ್ಯ. ಅದೇ ದಂಪತಿಗಳು ನಾಳೆ ಮಲೆನಾಡಿನ ಹೋಂಸ್ಟೇಗೂ ಬರಬಹುದು. ಹಡಗಿಗೆ ಹಾಕಬೇಕಾದ ಪ್ರಶ್ನೆಯನ್ನು ಹಳ್ಳದ ದಂಡೆಯ ಆ ಕಟ್ಟಡಕ್ಕೂ ಹಾಕಬೇಕು; ಅತಿಥಿಗಳಿಗಿಂತ ಮೊದಲು ಊರಿನವರೇ ಹಾಕಬೇಕು.