ಬಂದರಿನ ನೆನಪು ಯಾರ ಅಟ್ಟದ ಮೇಲಿದೆ?

ಕುಮಟೆಯಲ್ಲಿ ಒಂದು ಇತಿಹಾಸ ಸಂಘವನ್ನು ಕಟ್ಟಬೇಕೆಂದು ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಹೊರಟಿದ್ದಾರೆ. ಊರಿನ ಕಡಲ ವ್ಯಾಪಾರದ ಕಥೆ ಮುಂದಿನವರಿಗೆ ಉಳಿಯಬೇಕೆಂಬುದು ಅವರ ಆಶಯ. ಆಶೀರ್ವಾದ ಬೇಡಿ ಬರೆದ ಪತ್ರದೊಡನೆ ಮೊದಲ ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನೂ ಕಳುಹಿಸಿದ್ದಾರೆ: ಊರ ಪ್ರವೇಶದಲ್ಲಿ ಹಾಯಿಹಡಗಿನ ಆಕಾರದ ಕಮಾನು, ಒಂದು ಸ್ಮರಣ ಸಂಚಿಕೆ, ಹತ್ತು ಮಂದಿ ಹಿರಿಯರಿಗೆ ಸನ್ಮಾನ. ಆಶೀರ್ವಾದಕ್ಕೇನೂ ಕೊರತೆಯಿಲ್ಲ. ಆದರೆ ಈ ಪಟ್ಟಿಯ ಬಗ್ಗೆ ನನ್ನ ತಕರಾರಿದೆ. ಅದನ್ನು ಅವರಿಗೆ ಮಾತ್ರ ಬರೆಯುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ. ಏಕೆಂದರೆ ಸಂಘಕ್ಕೆ ನಿಜವಾಗಿ ಬೇಕಾದದ್ದು ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರದಾದರೂ ಮನೆಯ ಅಟ್ಟದ ಮೇಲೆ ಬಿದ್ದಿರಬಹುದು.

ಮೊದಲು ಊರಿನ ವಿಷಯ. ಕುಮಟೆ ಹತ್ತಿ ಬೆಳೆಯುವ ಸೀಮೆಯಲ್ಲ. ನಮ್ಮ ಮಳೆಗೆ ಆ ಗಿಡ ಬಾಳುವುದೂ ಇಲ್ಲ. ಆದರೂ ಮುಂಬಯಿಯ ಪೇಟೆಯಲ್ಲಿ ಧಾರವಾಡ ಸೀಮೆಯ ನಾಡಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರಿತ್ತು. ಅದು ಬೆಳೆದ ನೆಲದ ಹೆಸರಲ್ಲ, ಹಡಗನ್ನೇರಿದ ಬಂದರಿನ ಹೆಸರು. ಬಯಲುಸೀಮೆಯ ಹತ್ತಿ ಶಿರಸಿಯ ಮಾರ್ಗವಾಗಿ ಘಟ್ಟವಿಳಿದು ಇಲ್ಲಿಗೆ ಬರುತ್ತಿತ್ತು; ಇಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ. ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದ್ದು, ಕಡಲು ಸೇರುವ ಬಂದರುಗಳು ಮದ್ರಾಸು ಪ್ರಾಂತದ್ದು ಎಂಬುದು ಹತ್ತಿಯ ವರ್ತಕರಿಗೆ ದೊಡ್ಡ ತಲೆನೋವಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದರ ಹಿಂದೆ ಈ ಹತ್ತಿಯ ಒತ್ತಾಯವೂ ಇತ್ತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅಲ್ಲಿಯ ಹತ್ತಿ ಬರುವುದು ನಿಂತು, ನಮ್ಮ ಕಡೆಯ ಹತ್ತಿಯ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. 1880ರ ದಶಕದ ಕೊನೆಯಲ್ಲಿ ಕ್ಯಾಸಲ್‌ರಾಕ್ ಘಟ್ಟವಿಳಿದು ಮುರಗಾಂವಿಗೆ ರೈಲು ಹೋಗತೊಡಗಿದ ಮೇಲೆ ಬಯಲುಸೀಮೆಯ ಸರಕು ಆ ದಾರಿ ಹಿಡಿಯಿತು. ಕುಮಟೆಗೂ ಕಾರವಾರಕ್ಕೂ ಉಳಿದದ್ದು ಹಳೆಯ ಹೆಸರು.

ಇಷ್ಟು ಕಥೆ ನಮಗೆ ಎಲ್ಲಿಂದ ಗೊತ್ತು? ಬಹುಪಾಲು 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ಕೆನರಾ ಸಂಪುಟದಂಥ ಸರಕಾರಿ ಪುಸ್ತಕಗಳಿಂದ. ಸುಂಕ ಎತ್ತುವವರು ಸುಂಕಕ್ಕೆ ಬೇಕಾದದ್ದನ್ನು ಬರೆದಿಟ್ಟರು. ತಪ್ಪೇನಿಲ್ಲ, ಅವರ ಕೆಲಸ ಅದು. ಆದರೆ ಆ ಹತ್ತಿಯನ್ನು ಹೊತ್ತ ಪತ್ತೆಮಾರಿಯ ತಾಂಡೇಲ ಯಾರು, ಕತ್ತಲಲ್ಲಿ ಅಳಿವೆಯೊಳಗೆ ದೋಣಿಯನ್ನು ಹೇಗೆ ತರುತ್ತಿದ್ದ, ಸರಕು ಮುಳುಗಿದರೆ ಖಲಾಸಿಯ ಹೆಂಡತಿಗೆ ಯಾರು ಅಕ್ಕಿ ಕೊಟ್ಟರು ಎಂಬುದು ಆ ಪುಸ್ತಕಗಳಲ್ಲಿ ಸಿಗದು.

ನೆರೆಯ ಹೊನ್ನಾವರದ್ದೂ ಇದೇ ಗತಿ. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಇಬ್ನ್ ಬತೂತ, ಹುಡುಗಿಯರ 13 ಮತ್ತು ಹುಡುಗರ 23 ಶಾಲೆಗಳನ್ನು ಕಂಡೆನೆಂದು ಹೇಳಿದ್ದಾನೆ. ಮೇಷ್ಟರಾದ ನನಗೆ ಈ ಲೆಕ್ಕ ಬಲು ಪ್ರಿಯ. ಎಷ್ಟು ಭಾಷಣಗಳಲ್ಲಿ ಉಪಯೋಗಿಸಿದ್ದೇನೋ ನನಗೇ ನೆನಪಿಲ್ಲ. ಆದರೆ ಆ ಶಾಲೆಗಳ ಬಗ್ಗೆ ಆ ಊರಿನವರೇ ಬರೆದಿಟ್ಟ ಒಂದು ಚೀಟಿಯನ್ನೂ ನಾನು ಕಂಡಿಲ್ಲ. ನಮ್ಮ ಕರಾವಳಿಯ ನೆನಪೆಲ್ಲ ಬಂದು ಹೋದವರ ಚೀಲದಲ್ಲಿ ಉಳಿದುಕೊಂಡಿದೆ.

ಇದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಮಂಗಳೂರು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಅಲ್ಲಿ ಸುಮಾರು ಹದಿನೇಳು ವರ್ಷ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ, ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದ. ಅವನ ಪಾಲುದಾರರು ಅಲ್ಲಿಂದ ಕಳುಹಿಸುತ್ತಿದ್ದ ಸಾಮಾನುಗಳಲ್ಲಿ ಬರೆಯುವ ಕಾಗದವೂ ಇತ್ತು. ಇಷ್ಟು ವಿವರ ನಮಗೆ ದೊರೆತದ್ದು ಮಂಗಳೂರಿನಲ್ಲಲ್ಲ, ಕೈರೋದಲ್ಲಿ. ಅಲ್ಲಿಯ ಹಳೆಯ ಯಹೂದಿ ಪ್ರಾರ್ಥನಾ ಮಂದಿರದವರಿಗೆ, ದೇವರ ಹೆಸರು ಇರಬಹುದಾದ ಬರಹವನ್ನು ನಾಶಮಾಡಬಾರದೆಂಬ ನಿಯಮವಿತ್ತು. ಹೀಗಾಗಿ ಸಾಲದ ಚೀಟಿ, ಸರಕಿನ ಪಟ್ಟಿ, ಗೆಳೆಯರ ಪತ್ರ ಎಲ್ಲವನ್ನೂ ಒಂದು ಕೋಣೆಯೊಳಗೆ ಹಾಕಿ ಸುಮ್ಮನಿದ್ದರು. 1896-97ರಲ್ಲಿ ಆ ಕಾಗದಗಳ ಬಹುಭಾಗ ಕೇಂಬ್ರಿಜ್ ಸೇರಿತು. ಅಮಿತಾವ್ ಘೋಷರು 1992ರ ತಮ್ಮ ಪುಸ್ತಕ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ನಲ್ಲಿ ಬೆನ್ ಯಿಜುವಿನ ದಾಸನೊಬ್ಬನ ಜಾಡನ್ನು ಹಿಡಿದು ತುಳುನಾಡಿನವರೆಗೆ ಬಂದರು, ಅವನ ಹೆಸರು ಬೊಮ್ಮ ಎಂದಿರಬೇಕೆಂದು ಊಹಿಸಿದರು. ನಮ್ಮ ನೆಲದ ಒಬ್ಬ ಬಡ ಬೊಮ್ಮನ ಹೆಸರು ಎಂಟುನೂರು ವರ್ಷ ಉಳಿದದ್ದು ಪರದೇಶದ ಜನ ಕಾಗದ ಬಿಸಾಡಲಿಲ್ಲ ಎಂಬ ಒಂದೇ ಕಾರಣಕ್ಕೆ.

ನಾವು ಬಿಸಾಡುತ್ತೇವೆ. ಒಂದು ಕಚೇರಿಯವರು ಜಾಗ ಸಾಲದೆಂದು ಹಳೆಯ ದಫ್ತರಗಳನ್ನು ಅಂಗಳದಲ್ಲಿ ಸುಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮನೆಗಳಲ್ಲಿ ಗೆದ್ದಲು, ಮಳೆಗಾಲದ ಥಂಡಿ ಮತ್ತು ರದ್ದಿಯವನು, ಈ ಮೂವರೂ ಸೇರಿ ಉಳಿದ ಕೆಲಸ ಮುಗಿಸುತ್ತಿದ್ದಾರೆ. ಅಜ್ಜ ತೀರಿಕೊಂಡು ಮನೆ ಪಾಲಾಗುವ ಹೊತ್ತಿಗೆ ತಾಮ್ರದ ಹಂಡೆಗೆ ಜಗಳವಾಗುತ್ತದೆ. ಕೆಂಪು ಬಟ್ಟೆಯ ರಟ್ಟಿನ ಖಾತೆಪುಸ್ತಕ ಯಾರಿಗೂ ಬೇಡ.

ಆದುದರಿಂದ ಸಂಘದ ಮೊದಲ ಕೆಲಸ ಕಮಾನಲ್ಲ, ಒಂದು ಒಣ ಕೋಣೆ ಮತ್ತು ಎರಡು ಕಬ್ಬಿಣದ ಕಪಾಟು. ಹಳೆಯ ಕೀರ್ದಿ, ಸರಕಿನ ಚೀಟಿ, ಬಂದರಿನ ರಸೀದಿ, ದೋಣಿಯ ಪಾಲುಪತ್ರ ಏನಿದ್ದರೂ ಬರಲಿ. ಮೂಲವನ್ನು ಕೊಡಲು ಮನಸ್ಸಿಲ್ಲದವರ ಮನೆಗೇ ಹೋಗಿ ಛಾಯಾಚಿತ್ರ ತೆಗೆದುಕೊಂಡು ಬರಲಿ. ಈಗ ಅದಕ್ಕೆ ಜೇಬಿನ ಫೋನು ಸಾಕು. ಮೋಡಿ ಅಕ್ಷರದ ಪತ್ರ ಸಿಕ್ಕರೆ ಓದುವವರನ್ನು ಹುಡುಕಬೇಕಾಗುತ್ತದೆ, ಹುಡುಕಲಿ.

ಎರಡನೆಯ ಕೆಲಸಕ್ಕೆ ಅಷ್ಟು ವೇಳೆಯಿಲ್ಲ. ಹೆದ್ದಾರಿಗೆ ಸೇತುವೆಗಳಾಗಿ ಲಾರಿಗಳು ಓಡತೊಡಗಿದ ಮೇಲೆ ಹಾಯಿಹಡಗಿನ ಸಾಗಾಟ ಇಲ್ಲವಾಯಿತು. ಹುಡುಗರಾಗಿ ಅಂಥ ಹಡಗುಗಳಲ್ಲಿ ಅಡುಗೆಗೋ ನೀರೆತ್ತುವುದಕ್ಕೋ ಹೋದವರು ಬದುಕಿದ್ದರೆ ಈಗ ಎಂಬತ್ತು ದಾಟಿರುತ್ತಾರೆ. ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಬಗ್ಗೆ ಬೇರೆ ಯಾರೋ ಅರ್ಧ ತಾಸು ಮಾತಾಡಿ, ಅವರನ್ನು ಒಂದು ಮಾತೂ ಆಡಗೊಡದೆ ಮನೆಗೆ ಕಳುಹಿಸುವುದು ನಮ್ಮ ಸನ್ಮಾನದ ಪದ್ಧತಿ. ಅದರ ಬದಲು ಅವರ ಜಗಲಿಯಲ್ಲಿ ಕುಳಿತುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಹಡಗನ್ನು ದಡಕ್ಕೆಳೆದು ಮಡಲು ಹೊದಿಸುವಾಗ ಎಷ್ಟು ಜನ ಬೇಕಾಗುತ್ತಿತ್ತು, ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ಮೊದಲು ಹೊರಡುತ್ತಿದ್ದವರು ಯಾರು, ಹಲಗೆಯ ಸಂದಿಗೆ ಏನು ತುಂಬುತ್ತಿದ್ದರು, ಲಾಭದಲ್ಲಿ ಹಡಗಿನ ಪಾಲೆಷ್ಟು ಆಳಿನ ಪಾಲೆಷ್ಟು ಎಂದು ಕೇಳಿ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ, ನವಾಯತಿಯಲ್ಲಿ ಹೇಳಿದರೆ ಹಾಗೆಯೇ ಧ್ವನಿಮುದ್ರಿಸಿಕೊಳ್ಳಿ. ಖಾರ್ವಿ, ಹರಿಕಂತ್ರ, ಗಾಬಿತ, ನವಾಯತ, ಎಲ್ಲರ ಮನೆಗೂ ಹೋಗಿ. ವರ್ತಕರ ಮನೆಗಳಿಗೆ ಮಾತ್ರ ಹೋಗುವ ಸಂಘ ಊರಿನ ಸಂಘವಾಗುವುದಿಲ್ಲ. ಸಾಲಕ್ಕೆ ಸಿಕ್ಕಿ ವರ್ಷಗಟ್ಟಲೆ ದುಡಿದ ಕಥೆಗಳೂ ಬಂದಾವು. ಯಾರ ಅಜ್ಜನ ಹೆಸರು ಕೆಡುತ್ತದೆಂದು ಅವನ್ನು ಬಿಟ್ಟುಬಿಡಬೇಡಿ.

ಬರೆದಿಡದ ವಿದ್ಯೆಯನ್ನು ಮತ್ತೆ ಹುಡುಕುವುದು ಎಷ್ಟು ಕಷ್ಟವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ನೌಕೆಯನ್ನು ನೌಕಾದಳವು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಸೇರಿಸಿಕೊಂಡಿತು. ಅದೇ ವರ್ಷದ ಕೊನೆಗೆ ಅದು ಪೋರಬಂದರಿನಿಂದ ಹೊರಟು ಮಸ್ಕತ್ತಿಗೆ ಹೋಯಿತು. ಆದರೆ ಅದನ್ನು ಕಟ್ಟುವುದಕ್ಕೆ ಹಳೆಯ ನಕ್ಷೆ ಒಂದೂ ಇರಲಿಲ್ಲ. ಅಜಂತೆಯ ಗೋಡೆಯ ಒಂದು ಚಿತ್ರವನ್ನು ನೋಡಿ ಆಕಾರವನ್ನು ಊಹಿಸಿದರು. ಹೊಲಿಗೆಯ ವಿದ್ಯೆ ಕೈಯಲ್ಲಿ ಉಳಿದಿದ್ದ ಕೇರಳದ ಕುಶಲಿಗಳನ್ನು ಕರೆಸಿದರು. ನಮ್ಮ ಪತ್ತೆಮಾರಿಯನ್ನು ಮುಂದೆ ಯಾರಾದರೂ ಹೀಗೆ ಕಟ್ಟಬಯಸಿದರೆ ಯಾವ ಗೋಡೆಯನ್ನು ನೋಡಬೇಕು?

ಕಮಾನು ಕಟ್ಟಿದರೆ ಜನ ಸೇರುತ್ತಾರೆ, ಜನ ಸೇರಿದರೆ ಹಣ ಬರುತ್ತದೆ ಎಂದು ಹುಡುಗರು ವಾದಿಸುತ್ತಾರೆ. (ಐವತ್ತು ತುಂಬಿದವರನ್ನೂ ನಾನು ಹುಡುಗರೆನ್ನುತ್ತೇನೆ, ಕ್ಷಮಿಸಿ.) ಅದರಲ್ಲಿ ಸತ್ಯವಿದೆ. ಕಾರವಾರದ ಕಡಲತೀರದಲ್ಲಿ 2006ರಿಂದ ನಿಂತಿರುವ ಯುದ್ಧನೌಕೆ ‘ಚಪಲ್’ ಅನ್ನು ನೋಡಲು ಮಕ್ಕಳು ಓಡುತ್ತಾರೆ. ಕಣ್ಣಿಗೆ ಕಾಣುವ ವಸ್ತುವಿನ ಬಲ ದೊಡ್ಡದು. ಆದರೆ ‘ಚಪಲ್’ ಇಲ್ಲದಿದ್ದರೂ ನೌಕಾದಳದ ಕಥೆ ಅದರ ಕಡತಗಳಲ್ಲಿ ಭದ್ರವಾಗಿರುತ್ತದೆ. ಖಲಾಸಿಗೆ ಕಡತವಿಲ್ಲ. ಸಿಮೆಂಟಿನ ಹಡಗನ್ನು ಹತ್ತು ವರ್ಷದ ಅನಂತರವೂ ಕಟ್ಟಬಹುದು, ಆಗ ಅದರ ಹಾಯಿ ಎಷ್ಟು, ಪಟಸ್ತಂಭ ಯಾವ ಕಡೆಗೆ ಬಾಗಿರಬೇಕು ಎಂದು ಹೇಳಲು ಮುದ್ರಿಸಿಟ್ಟ ಧ್ವನಿಯಾದರೂ ಇರಲಿ.

ಬೆಂಗಳೂರು, ಮುಂಬಯಿ, ಮಸ್ಕತ್ತು, ಅಮೆರಿಕಗಳಲ್ಲಿರುವ ನೀವು ಈ ಸಲ ರಜೆಗೆ ಊರಿಗೆ ಬಂದಾಗ ಅಟ್ಟ ಹತ್ತಿ ನೋಡಿ. ಏನಾದರೂ ಸಿಕ್ಕರೆ ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಆರಿಸಿ, ನನಗೆ ತಿಳಿಸಿ. ಸಂಘಕ್ಕೆ ನನ್ನ ಚಂದಾ ಕಳುಹಿಸಿದ್ದೇನೆ. ಇದು ಕಪಾಟಿನ ಲೆಕ್ಕಕ್ಕೆ, ಕಮಾನಿನ ಲೆಕ್ಕಕ್ಕಲ್ಲ ಎಂದು ರಸೀದಿಯಲ್ಲಿ ಬರೆಸಿಕೊಂಡಿದ್ದೇನೆ.